ಪೆಟ್ಟಿಗೆಯ ಕಾಲಿಗೆ ಯಾವ ಎಣ್ಣಿ?

ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಬಳ್ಳಿ ನೋಡಿದರೆ ಬೇಲಿ ತುಂಬ ಹಬ್ಬಿರುತ್ತದೆ. ಮುಂಜಾನೆ ಹಳದಿ ಹೂ ಅರಳುತ್ತವೆ, ಸಂಜೆಗೆ ಬಾಡಿ ಬೀಳುತ್ತವೆ. ಒಂದೆರಡು ಮಿಡಿ ಕಿರುಬೆರಳಷ್ಟು ಆಗಿ ಹಳದಿಗಟ್ಟಿ ಉದುರುತ್ತವೆ. ರೋಣ ತಾಲ್ಲೂಕಿನ ಯಾವ ಊರಲ್ಲಿ ಬಸ್ಸು ಇಳಿದರೂ, ಹಿತ್ತಲಲ್ಲಿ ಕಾಯಿಪಲ್ಲೆ ಹಾಕಿದ ಹೆಣ್ಣುಮಕ್ಕಳು ನನಗೆ ಮೊದಲು ಹೇಳುವ ದೂರು ಇದೇ.

ನಾನು ನರ್ಮದಾ, ಕೃಷಿ ಸಖಿ. ಮಹಿಳಾ ಸಂಘದಿಂದ ಆರಿಸಿ, ತರಬೇತಿ ಕೊಟ್ಟು, ಊರೂರಿಗೆ ಹೋಗಿ ಬೆಳೆ ಗೊಬ್ಬರದ ಬಗ್ಗೆ ಹೇಳಲು ಕಳಿಸಿದ್ದಾರೆ. ನನ್ನ ಬಾಯಿ ಸ್ವಲ್ಪ ಜೋರು. ಕೇಳುವ ಮೊದಲೇ ಉತ್ತರ ಹೇಳುವ ಚಟವೂ ಇದೆ. ಈ ಕಥೆಯಲ್ಲಿ ಕೆಟ್ಟದ್ದಾಗಿರುವುದು ಆ ಬಾಯಿಯಿಂದಲೇ. ಓದುವಾಗ ನನಗೆ ಬೈಯಬೇಕು ಅನ್ನಿಸಿದರೆ ಬೈಯಿರಿ, ಆದರೆ ಕೊನೆಯ ತನಕ ಓದಿ.

ಸವಡಿಯ ಮುನೀರಾ ತನ್ನ ಸವತೆ ಬಳ್ಳಿಯ ಬೇಲಿಗೆ ಹಳೆಯ ಚಪ್ಪಲಿ ಕಟ್ಟಿದ್ದಳು.

"ಇದೇನ ಮುನೀರಾ, ಬಳ್ಳಿಗಿ ಚಪ್ಪಲಿ ಹಾಕಿ ಯಾವ ಊರಿಗಿ ಕಳಸಾಕತ್ತಿ?" ಎಂದೆ.

"ನಗಬ್ಯಾಡ್ರಿ ಅಕ್ಕಾರ. ಕಣ್ಣ ಬಿದ್ದೈತಿ. ಎರಡ ವರ್ಷ ಆತು, ಒಂದ ಬುಟ್ಟಿ ಕಾಯಿ ನೆಟ್ಟಗ ಹರಿದಿಲ್ಲ."

"ಕಣ್ಣ ಬಿದ್ದಿಲ್ಲ ಬಿಡು. ಹುಳಾ ಇಲ್ದಂಗ ಆಗ್ಯಾವ. ಗಂಡ ಹೂವಿನ ಹಿಟ್ಟ ಹೆಣ್ಣ ಹೂವಿಗಿ ಮುಟ್ಟಬೇಕು, ಅಂದ್ರ ಕಾಯಿ. ಮುಟ್ಟಸಾವ್ರು ಯಾರು? ಜೇನ. ನಿನ್ನ ಹಿತ್ತಲದಾಗ ಒಂದ ಜೇನ ತೋರಸು ನೋಡೂಣು."

ಮುನೀರಾ ಬಳ್ಳಿಯುದ್ದಕ್ಕೂ ಹುಡುಕಿದಳು. ಒಂದೂ ಇರಲಿಲ್ಲ.

ಆ ಹಿತ್ತಲು ಅವಳಿಗೆ ಹವ್ಯಾಸದ ಹಿತ್ತಲಲ್ಲ. ಅವಳ ಗಂಡ ಖಾದರ ಗೌಂಡಿ. ಅದಕ್ಕೆ ಎಂಟು ತಿಂಗಳ ಹಿಂದೆ ನರಗುಂದದಲ್ಲಿ ಯಾರದೋ ಮನೆಯ ಎರಡನೇ ಅಂತಸ್ತು ಕಟ್ಟುವಾಗ ಸಾರವೆ ಮುರಿದು ಬಿದ್ದರು. ಜೀವ ಉಳಿಯಿತು, ಬೆನ್ನು ಉಳಿಯಲಿಲ್ಲ. ಭಾರ ಎತ್ತಬಾರದು, ಏಣಿ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಭಾರ ಎತ್ತದ, ಏಣಿ ಹತ್ತದ ಗೌಂಡಿಯನ್ನು ಯಾರು ಕರೆಯುತ್ತಾರೆ? ಆಗಿನಿಂದ ಅವರು ಹಿತ್ತಲ ಕಡೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಮುನೀರಾ ತಂದುಕೊಟ್ಟರೆ ಉಣ್ಣುವರು, ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

"ಗ್ವಾಡಿ ಕಟ್ಟೂ ಮನಷ್ಯಾ ಗ್ವಾಡಿ ನೋಡ್ಕೋತ ಮಕ್ಕೊಂಡಾರ್ರಿ," ಎನ್ನುತ್ತಿದ್ದಳು ಮುನೀರಾ. "ಕಾಯಿ ಬರಲಿಲ್ಲಂದ್ರೂ ನಾ ತಡ್ಕೊಂತೀನಿ. ಇವರು ಒಮ್ಮೆ ಈ ಕಡೆ ಹೊಳ್ಳಿದ್ರ ಸಾಕಾಗೈತಿ ನನಗ."

ಸಂಘಕ್ಕೆ ಜೇನುಪೆಟ್ಟಿಗೆ ಬರುವುದಿದೆ, ಒಂದನ್ನು ನಿನಗೆ ಹಾಕಿಸುತ್ತೇನೆ ಎಂದೆ. ಹೊರಸಿನಿಂದ, ಗೋಡೆಯ ಕಡೆಯಿಂದಲೇ ಮಾತು ಬಂತು.

"ಆ ಸುಡುಗಾಡ ಹುಳಾ ಈ ಮನಿಗಿ ಬ್ಯಾಡ್ರಿ. ಗಜೇಂದ್ರಗಡದ ಗುಡ್ಡಕ್ಕ ಕಲ್ಲ ತರಾಕ ಹೋದಾಗ ನೋಡೀನಿ. ಹೆಜ್ಜೇನ ಎದ್ದು ಎಂಟ ಮಂದೀನ ದವಾಖಾನಿಗಿ ಹಾಕಿತ್ತು."

"ಅದು ಹೆಜ್ಜೇನ್ರಿ ಖಾದರಣ್ಣ, ಗುಡ್ಡದ ಹುಲಿ. ಇದು ತುಡುವಿ ಜೇನ, ಮನಿ ಬೆಕ್ಕ ಇದ್ದಂಗ. ಪೆಟಗ್ಯಾಗ ಇರತೈತಿ."

"ಬೆಕ್ಕೂ ಪರಚತೈತಿ."

"ಬಾಲಾ ತುಳದ್ರ ಪರಚತೈತಿ. ತುಳೀಬ್ಯಾಡ್ರಿ."

ಮುನೀರಾ ನನ್ನ ಹಿಂದೆ ಬಾಗಿಲ ತನಕ ಬಂದು, "ತರ್ರಿ ಅಕ್ಕಾರ, ಆದದ್ದಾಗಲಿ," ಎಂದಳು.

ಜನವರಿಯ ಮೊದಲ ವಾರ, ಹೊತ್ತು ಮುಳುಗಿ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಪೆಟ್ಟಿಗೆ ತಂದು ಬೇವಿನ ಗಿಡದ ನೆರಳಲ್ಲಿ, ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲೆ ಇಟ್ಟೆವು. ಮುನೀರಾಳಿಗೆ ಹತ್ತು ಸಲ ಹೇಳಿದೆ.

"ಹತ್ತ ದಿನ ತಗೀಬ್ಯಾಡ. ಬರೇ ಕುಂದರು. ಅವುಗಳ ಬಾಗಲಕ್ಕ ಅಡ್ಡ ಕುಂದರಬ್ಯಾಡ, ಬಾಜೂಕ ಕುಂದರು. ನೀ ಅವನ್ನ ನೋಡು, ಅವು ನಿನ್ನ ನೋಡ್ಲಿ. ಹೊಸಾ ಸೊಸಿ ಬಂದ ದಿನಾನ ಆಕಿ ಟ್ರಂಕ ತಗದ ನೋಡತಾರೇನು?"

ನಮ್ಮ ಮುನೀರಾ ಐದನೇ ದಿನ ಟ್ರಂಕು ತೆಗೆದಳು.

ಬರಿಗೈಯಲ್ಲಿ ತೆಗೆಯಲಿಲ್ಲ ಮತ್ತೆ. ಬಹಳ ಬುದ್ಧಿ ಓಡಿಸಿ ತೆಗೆದಿದ್ದಳು. ಓಣಿಯ ಕೊನೆಯ ಮನೆಯ ಕುರಿಗಾರ ರಾಯಣ್ಣನ ಹತ್ತಿರ ಹೋಗಿ ಅವನ ಕರಿ ಕಂಬಳಿ ಕೇಳಿ ತಂದು ತಲೆಯಿಂದ ಕಾಲ ತನಕ ಹೊದ್ದುಕೊಂಡು, ಎರಡು ಕಣ್ಣು ಮಾತ್ರ ಬಿಟ್ಟುಕೊಂಡು, ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಕಂಬಳಿಯೊಳಗೆ ಮುಳ್ಳು ಹೋಗುವುದಿಲ್ಲ ಎಂದು ಲೆಕ್ಕ. ಫೋನು ಬಂದಾಗ ನಾನು ಯಾವಗಲ್‌ನಲ್ಲಿದ್ದೆ. ಬಸ್ಸಿಲ್ಲದೆ ಯಾರದೋ ಟ್ರ್ಯಾಕ್ಟರ್ ಹಿಡಿದು ಸವಡಿಗೆ ಬಂದೆ. ಮುನೀರಾಳ ಮುಖ ಪೂರಿಯಂತೆ ಉಬ್ಬಿತ್ತು.

"ಉಸರಾಟ ಸರಳ ಐತೇನು? ಮೈ ತುಂಬ ದದ್ದ ಎದ್ದಾವೇನು? ನಾಲಿಗಿ ದಪ್ಪ ಆಗೇತೇನು?"

"ಇಲ್ರಿ. ಬರೇ ಉರೀತೈತಿ."

"ಹಂಗೇನಾರ ಆಗಿದ್ರ ನನ್ನ ಹಾದಿ ಕಾಯಬಾರದವ್ವಾ. ಒಂದ ಹುಳಾ ಕಡದಿದ್ರೂ ಸೈತ ಲಗೂನ ದವಾಖಾನಿಗಿ ಓಡಬೇಕು. ಮುಳ್ಳ ಹ್ಯಾಂಗ ತಗದಿ?"

"ಚಿವುಟಿ ಕಿತ್ತೆ."

"ಚಿವುಟಬಾರದು. ಮುಳ್ಳಿನ ಬುಡಕ್ಕ ವಿಷದ ಚೀಲಾ ಇರತೈತಿ, ಚಿವುಟಿದ್ರ ಅದನ್ನ ಹಿಂಡಿ ಒಳಗ ಬಿಟ್ಟಂಗ. ಕಡದ ಕೂಡ್ಲೆ ಉಗರಿಲೆ ಕೆರದ ತಗದ ಒಗೀಬೇಕು. ಇರಲಿ, ತಣ್ಣೀರ ಅರಿಬಿ ಇಡು. ಆ ಕಂಬಳಿ ಬುದ್ಧಿ ಯಾರು ಹೇಳಿದ್ರು?"

ರಾಯಣ್ಣ ಅಲ್ಲೇ ಬೇಲಿಯ ಹತ್ತಿರ ನಿಂತಿದ್ದ. ಅವನಿಗೆ ನಿಜಕ್ಕೂ ಬೇಜಾರಾಗಿತ್ತು. "ನಮ್ಮ ಕಂಬಳಿ ಮಳಿ ತಡಿತೈತಿ, ಥಂಡಿ ತಡಿತೈತಿ. ಜೇನ ಯಾಕ ತಡಿಯೂದಿಲ್ರಿ?" ಎಂದ.

"ಕರೀ ಬಣ್ಣ, ಮ್ಯಾಲ ಕೂದಲಾ. ಜೇನ ಕದಿಯಾಕ ಬರೂ ಕರಡಿ ಹ್ಯಾಂಗಿರತೈತಿ? ಹಂಗ ಕಂಡ್ಲು ಈಕಿ. ಅವಕ್ಕ ಸಿಟ್ಟ ಬರದ ಏನ ಆಗತೈತಿ? ಜೇನಿನ ಹತ್ರ ಹೋಗಬೇಕಂದ್ರ ಬಿಳೇ ನೂಲಿನ ಅರಿಬಿ, ಮಾರಿ ಮ್ಯಾಲ ಜಾಳಿ ಪರದೆ. ಅಷ್ಟ."

ಆಗ ನನಗೆ ಹೊಳೆಯಿತು. ಪೆಟ್ಟಿಗೆ ನೆಟ್ಟಗೆ ಮುಚ್ಚಿತ್ತು. ಹುಳಗಳು ತಮ್ಮ ಪಾಡಿಗೆ ಹೋಗಿ ಬಂದು ಮಾಡುತ್ತಿದ್ದವು.

"ಮುಚ್ಚಳಾ ಯಾರು ಮುಚ್ಚಿದ್ರು?"

ಮುನೀರಾ ಉಬ್ಬಿದ ಕಣ್ಣಲ್ಲೇ ಹೊರಸಿನ ಕಡೆ ನೋಡಿದಳು. "ಇವರು," ಎಂದಳು.

ಅವಳು ಮುಚ್ಚಳ ಎಸೆದು ಚೀರುತ್ತ ಓಡಿದಾಗ ಖಾದರಣ್ಣ ಎದ್ದಿದ್ದರು. ಕೋಲು ಊರಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು, ಬಿಳಿ ಬನಿಯನ್, ಬಿಳಿ ಲುಂಗಿಯಲ್ಲಿ ಪೆಟ್ಟಿಗೆಯ ತನಕ ಹೋಗಿ, ಬಗ್ಗಲಾರದೆ ಬಗ್ಗಿ ಮುಚ್ಚಳ ಎತ್ತಿ, ಒಂದು ಹುಳವೂ ಸಿಕ್ಕಿ ಸಾಯದಂತೆ ಮೆಲ್ಲಗೆ ಇಟ್ಟಿದ್ದರು. ಹುಳಗಳು ಕೈಮೇಲೆ ಕೂತವು, ಮೊಣಕೈ ತನಕ ನಡೆದವು, ಹಾರಿ ಹೋದವು. ಈಗ ಅವರು ಹೊರಸಿನ ಮೇಲೆ ಕೂತಿದ್ದರು. ಮುಖ ನಮ್ಮ ಕಡೆ ಇತ್ತು.

"ಒಂದೂ ಕಡೀಲಿಲ್ರಿ," ಎಂದರು, ಯಾರೋ ತಮಗೆ ಮೋಸ ಮಾಡಿದ ಹಾಗೆ. "ಯಾಕ ಕಡೀಲಿಲ್ಲ?"

"ನೀವು ನಿಧಾನ ಹೋದ್ರಿ. ಕೈ ಬೀಸಲಿಲ್ಲ, ಬಾಯಿಲೆ ಊದಲಿಲ್ಲ. ಅವಕ್ಕ ಬೇಕಾಗಿದ್ದ ಅದು."

"ನಿಧಾನ ಹೋಗದ ಏನ ಮಾಡ್ಲಿರಿ? ಬೆನ್ನ ಬಿಟ್ರ ತಾನ ಓಡೂದು!" ಎಂದು ಅವರು ನಕ್ಕರು. ಮುನೀರಾ ಒದ್ದೆ ಬಟ್ಟೆ ಕೆಳಗೆ ಬಿಟ್ಟು ಅಳತೊಡಗಿದಳು. ಉರಿಗೆ ಅಳುತ್ತಿದ್ದಾಳೆ ಎಂದುಕೊಂಡ ರಾಯಣ್ಣ ಇನ್ನಷ್ಟು ನೀರು ತರಲು ಓಡಿದ.

ಎಂಟು ತಿಂಗಳು ಎಲ್ಲರೂ ಅಯ್ಯೋ ಅನ್ನುತ್ತಿದ್ದ ಆ ನಿಧಾನ ಈ ಹಿತ್ತಲಲ್ಲಿ ಕಸುಬಾಯಿತು. ಖಾದರಣ್ಣ ದಿನಾ ಮುಂಜಾನೆ ಪೆಟ್ಟಿಗೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂಡತೊಡಗಿದರು. ಮೊದಮೊದಲು ಹತ್ತು ಹೆಜ್ಜೆ ದೂರ, ಆಮೇಲೆ ಐದು, ಆಮೇಲೆ ಕೈಗೆ ಎಟುಕುವಷ್ಟು. ಗುಂಯ್ ಎನ್ನುವ ಸದ್ದು ಮೊದಲ ವಾರ ಎದೆ ನಡುಗಿಸುತ್ತಿತ್ತಂತೆ. ಮೂರನೇ ವಾರ ಆ ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎಂದರು. ಪೆಟ್ಟಿಗೆ ತೆಗೆಯುವುದನ್ನು ನಾನು ಕಲಿಸಿದೆ. ಬಿಸಿಲು ಬಿದ್ದ ಮೇಲೆ, ಗಾಳಿ ಇಲ್ಲದಾಗ ತೆಗೆಯಬೇಕು. ಕುಳ್ಳಿನ ಹೊಗೆ ಎರಡೇ ಸಲ ಬಿಡಬೇಕು, ಜೇನು ಎರಿ ಕಟ್ಟಿದ ಚೌಕಟ್ಟು ಎತ್ತುವಾಗ ಉಸಿರು ಅದಕ್ಕೆ ತಾಗಬಾರದು. ಶುಕ್ರವಾರ ನಮಾಜಿಗೆ ಹೋಗುವ ಮುಂಚೆ, ಅತ್ತರು ಹಚ್ಚಿಕೊಳ್ಳುವ ಮೊದಲೇ ಅವರು ಪೆಟ್ಟಿಗೆಯ ಕೆಲಸ ಮುಗಿಸುತ್ತಿದ್ದರು. ಘಾಟು ವಾಸನೆ ಜೇನಿಗೆ ಆಗುವುದಿಲ್ಲ. ಹೌದು, ನಡುವೆ ನಾಲ್ಕೈದು ಸಲ ಕಡಿಸಿಕೊಂಡರು. "ತಪ್ಪ ನಂದ," ಎಂದು ಉಗುರಿನಿಂದ ಕೆರೆದು ಒಗೆದರು.

ಮೊದಲ ಸಲ ಚೌಕಟ್ಟು ಎತ್ತಿ ಹಿಡಿದಾಗ ಬಹಳ ಹೊತ್ತು ಇಳಿಸಲೇ ಇಲ್ಲ.

"ನೋಡ್ರಿ ಅಕ್ಕಾರ. ದಾರ ಇಲ್ಲ, ಗುಂಡ ಇಲ್ಲ, ಮಟ್ಟಗೋಲ ಇಲ್ಲ. ಒಂದ ಖಾನಿ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ. ಇಪ್ಪತ್ತೆಂಟ ವರ್ಷ ಗೌಂಡಿಕಿ ಮಾಡೀನ್ರಿ ನಾನು. ನಾಚಿಕಿ ಬರತೈತಿ."

ಯಾವ ಹುಳ ಯಾವ ಹೊಲದಿಂದ ಬಂತು ಎನ್ನುವುದನ್ನೂ ಹೇಳುತ್ತಿದ್ದರು. ಕಾಲಿಗೆ ಕೇಸರಿ ಹಿಟ್ಟು ಅಂಟಿದ್ದರೆ ಕುಸುಬಿ, ಹಳದಿ ಇದ್ದರೆ ನಮ್ಮ ಬಳ್ಳಿ ಎನ್ನುವರು. "ನನಗ ಇವು ಸವತಿ ಆಗ್ಯಾವ್ರಿ," ಎಂದು ಮುನೀರಾ ಬೈದಳು. "ಚಾ ಕುಡೀರಿ ಅಂದ್ರ, ತಡಿ, ಇವು ಇನ್ನೂ ಬಂದಿಲ್ಲ ಅಂತಾರ." ಹಾಗೆ ಬೈಯುವಾಗ ಅವಳ ಮುಖ ನೋಡಬೇಕಿತ್ತು. ಬಳ್ಳಿಯಲ್ಲಿ ಕಾಯಿ ಇಳಿದವು. ಫೆಬ್ರವರಿ ಮುಗಿಯುವಾಗ ಅವಳು ವಾರಕ್ಕೆ ಎರಡು ಸಲ ಬುಟ್ಟಿ ಹೊತ್ತು ರೋಣದ ಸಂತೆಗೆ ಹೋಗುತ್ತಿದ್ದಳು. ಚಪ್ಪಲಿ ಬಿಚ್ಚಿ ಎಸೆದಿದ್ದಳು.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆಂದದ ಕಥೆ. ಕೊನೆಗೆ ಗಂಡ ಹೆಂಡತಿ ನಗುವ ಒಂದು ಫೋಟೊ ಹಾಕಿ ನಿಮ್ಮ ಕೈಗೆ ಕೊಡುತ್ತಿದ್ದೆ. ನನಗೂ ಬರೆಯಲು ಸುಲಭವಾಗುತ್ತಿತ್ತು.

ಮಾರ್ಚ್ ಬಂತು, ಬಿಸಿಲು ಏರಿತು. ಒಂದು ದಿನ ನಾನು ಗಜೇಂದ್ರಗಡದ ಸಭೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ತುಂಬಿತ್ತು, ನಿಂತೇ ಇದ್ದೆ, ಕಿಟಕಿಗಳೆಲ್ಲ ಗಡಗಡ ಅನ್ನುತ್ತಿದ್ದವು. ಖಾದರಣ್ಣನ ಫೋನು.

"ಅಕ್ಕಾರ, ಪೆಟಗಿಗಿ ಇರವಿ ಹತ್ಯಾವ್ರಿ. ಕಾಲ ಹಿಡದ ಮ್ಯಾಲ ಏರಾಕತ್ತಾವ. ಏನ ಮಾಡ್ಲಿರಿ?"

"ಹೆದರಬ್ಯಾಡ್ರಿ. ನಾಕೂ ಕಾಲಿನ ಕೆಳಗ ಒಂದೊಂದ ಬಟ್ಟಲಾ ಇಟ್ಟು ಎಣ್ಣಿ ಹಾಕ್ರಿ. ಇರವಿ ದಾಟೂದಿಲ್ಲ."

"ಯಾವ ಎಣ್ಣಿ ಹಾಕ್ಲಿರಿ?"

ಕೇಳಿದ್ದರು. ಅವರು ಕೇಳಿದ್ದರು, ನೋಡಿ. ಅವರ ಕಡೆಯಿಂದ ಏನೂ ತಪ್ಪಿರಲಿಲ್ಲ.

"ಯಾವುದಾರ ನಡಿತೈತ್ರಿ," ಎಂದೆ ನಾನು, ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದುಕೊಂಡು. "ಹಳೇದು ಉಳದದ್ದ ಇದ್ರ ಅದನ್ನ ಹಾಕ್ರಿ. ತಿನ್ನೂ ಎಣ್ಣಿ ಹಾಳ ಮಾಡಬ್ಯಾಡ್ರಿ ಮತ್ತ." ಕಂಡಕ್ಟರ್ ಟಿಕೀಟು ಕೇಳಿದ. ಫೋನು ಇಟ್ಟೆ.

ಮೂರು ದಿನ ಬಿಟ್ಟು ಸವಡಿಗೆ ಹೋದೆ. ಮನೆಯ ಬಾಗಿಲಲ್ಲೇ ಮುನೀರಾ, "ಚಲೋ ಆತ ಬಂದ್ರಿ ಅಕ್ಕಾರ. ಹುಳಾ ಯಾಕೋ ಮಂಕ ಆಗ್ಯಾವ. ನಿನ್ನಿಯಿಂದ ನೆಲದ ಮ್ಯಾಲ ಬೀಳಾಕತ್ತಾವ," ಎಂದಳು.

ಬೇವಿನ ಗಿಡದ ಕೆಳಗೆ ನೆಲ ಕಾಣುತ್ತಿರಲಿಲ್ಲ. ಸತ್ತ ಹುಳ. ಕೆಲವು ಇನ್ನೂ ಸತ್ತಿರಲಿಲ್ಲ, ರೆಕ್ಕೆ ನಡುಗಿಸುತ್ತ ಸುತ್ತು ತಿರುಗುತ್ತಿದ್ದವು, ನಾಲಿಗೆ ಹೊರಗೆ ಚಾಚಿಕೊಂಡಿದ್ದವು. ಖಾದರಣ್ಣ ಮಣೆಯ ಮೇಲೆ ಕೂತು ಒಂದೊಂದನ್ನೇ ಎತ್ತಿ ಎಲೆಯ ಮೇಲೆ ನೆರಳಲ್ಲಿ ಮಲಗಿಸುತ್ತಿದ್ದರು. ನಾಲ್ಕೂ ಕಾಲಿನ ಕೆಳಗೆ ಬಟ್ಟಲುಗಳಿದ್ದವು. ಬಟ್ಟಲಲ್ಲಿ ನೀರು ಹಾಲು ಬೆರೆಸಿದಂತೆ ಬೆಳ್ಳಗಿತ್ತು. ಬಿಸಿಲಿಗೆ ಬಾಯಾರಿದ ಹುಳಗಳು ಅದರ ಅಂಚಿನಲ್ಲಿ ಕೂತು ಕುಡಿಯುತ್ತಿದ್ದವು.

"ಇರವಿ ಒಂದೂ ಏರಿಲ್ರಿ ಅಕ್ಕಾರ," ಎಂದರು ಅವರು. "ನೀವ ಹೇಳಿದಂಗ ಮಾಡೀನಿ. ಬಿಸಲಿಗಿ ಹಿಂಗ ಆಗ್ಯಾವೇನ್ರಿ?"

ವಾಸನೆ ನನ್ನ ಮೂಗಿಗೆ ಬಂದಿತ್ತು. ಆದರೂ ಕೇಳಿದೆ. "ಖಾದರಣ್ಣ, ಯಾವ ಎಣ್ಣಿ ಹಾಕೀರಿ?"

"ಬಾಜೂಮನಿ ಗುರುಪಾದನ ಹತ್ರ ಇಸಗೊಂಡ ಬಂದೆ. ಕಡ್ಲಿಗಿ ಹೊಡದು ಉಳದದ್ದು. ಬಟ್ಟಲಕ್ಕ ಒಂದ ಮುಚ್ಚಳಾ, ನೀರ ಕೂಡಸಿ."

ನಮ್ಮ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಯಾರೂ ಕೀಟನಾಶಕ ಅನ್ನುವುದಿಲ್ಲ. ಎಣ್ಣಿ ಅನ್ನುತ್ತೇವೆ. ಕಡಲೆಗೆ ಎಣ್ಣಿ ಹೊಡೆದೆವು, ಹತ್ತಿಗೆ ಎಣ್ಣಿ ತಂದೆವು, ಎಣ್ಣಿ ಅಂಗಡಿ ಮುಚ್ಚಿತ್ತು. ನಾನೂ ಅನ್ನುತ್ತೇನೆ, ನಮ್ಮಪ್ಪನೂ ಅನ್ನುತ್ತಿದ್ದರು. ಬಸ್ಸಿನಲ್ಲಿ ನಿಂತು ನಾನು ಹೇಳಿದ್ದು ಗಾಡಿಯಿಂದ ತೆಗೆದ ಸುಟ್ಟ ಎಣ್ಣೆ. ಸ್ಲ್ಯಾಬು ಹಾಕುವಾಗ ಸೆಂಟ್ರಿಂಗ್ ಹಲಗೆಗೆ ಬಳಿಯುತ್ತಾರಲ್ಲ, ಅದು. ಖಾದರಣ್ಣ ಇಪ್ಪತ್ತೆಂಟು ವರ್ಷ ಅದನ್ನು ಕೈಯಾರೆ ಬಳಿದ ಮನುಷ್ಯ. "ಸೆಂಟ್ರಿಂಗ್ ಎಣ್ಣಿ" ಎಂಬ ಎರಡು ಮಾತು ಸಾಕಿತ್ತು. ಸುಮ್ಮನೆ "ನೀರು ಹಾಕ್ರಿ, ದಿನಾ ಬದಲಿ ಮಾಡ್ರಿ" ಎಂದಿದ್ದರೂ ಇರುವೆ ನಿಲ್ಲುತ್ತಿದ್ದವು, ಹುಳ ಬದುಕುತ್ತಿದ್ದವು. ನಾನು ಅವರಿಗೆ ಹೇಳಿದ್ದೇನು? ತಿನ್ನುವ ಎಣ್ಣೆ ಬೇಡ, ಹಳೆಯದು ಉಳಿದದ್ದು ಹಾಕಿ ಎಂದು. ಹಾಗೆಂದರೆ ಈ ಊರಲ್ಲಿ ಯಾರಿಗಾದರೂ ಯಾವ ಎಣ್ಣೆ ನೆನಪಾಗಬೇಕು?

ಹೇಳಲೇಬೇಕಾಯಿತು. ಹೇಳಿದೆ. ತಪ್ಪು ನನ್ನದು ಎಂದು ಮೂರು ಸಲ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಎಲೆಯ ಮೇಲೆ ಮಲಗಿಸಿದ ಹುಳಗಳನ್ನು ನೋಡುತ್ತಿದ್ದರು.

"ನಾ ಕೈಯಾರೆ ಹಾಕಿ ಕುಡಿಸೀನಿ," ಎಂದರು.

"ಹಂಗ ಅನಬ್ಯಾಡ್ರಿ ಖಾದರಣ್ಣ."

"ನಿನ್ನಿ ಬಟ್ಟಲಾ ಬತ್ತಿದ್ದವು. ನೀರ ಕುಡಿಯಾಕ ಬಂದಾವ ಪಾಪ ಅಂತ ಮತ್ತ ತುಂಬಿಸಿದೆ."

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಾನು ಬಟ್ಟಲುಗಳನ್ನು ತೆಗೆದೆ. ಬಾವಿಯಿಂದ ದೂರ, ಊರಾಚೆಗೆ ಕುಣಿ ತೋಡಿ ಮುಚ್ಚಿದೆ. ಅವರ ಕೈಗೆ ಸೋಪು ಹಾಕಿ ಮುನೀರಾ ತೊಳೆದಳು. ಕೂಸಿನ ಕೈ ಹಿಡಿದ ಹಾಗೆ ಹಿಡಿದು ತೊಳೆದಳು. ಪೆಟ್ಟಿಗೆ ತೆಗೆದು ನೋಡಿದೆ. ರಾಣಿ ಇದ್ದಳು, ಸುತ್ತ ಒಂದು ಹಿಡಿ ಹುಳ ಇದ್ದವು. ಸಕ್ಕರೆ ಪಾಕ ಇಟ್ಟೆ, ನೆರಳು ಮಾಡಿದೆ, ತರಬೇತಿ ಕೊಟ್ಟವರಿಗೆಲ್ಲ ಫೋನು ಮಾಡಿದೆ. ಎರಡು ದಿನ ಬಿಟ್ಟು ರಾಣಿಯೂ ಸತ್ತಳು. ಮರಿ ಇದ್ದ ಎರಿ ಕಪ್ಪಾಗಿ ನಾರತೊಡಗಿತು. ಅದನ್ನು ಸುಟ್ಟೆವು.

ಸೀಸೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮುನೀರಾ ಅದನ್ನು ತಂದು ನನ್ನ ಚೀಲಕ್ಕೆ ತಾನೇ ಹಾಕಿದಳು. "ಇದನ್ನ ಇವತ್ತ ಒಯ್ರಿ ಅಕ್ಕಾರ. ಈ ಮನಿಯಾಗ ಬ್ಯಾಡ," ಎಂದಳು. ಹೇಳುವಾಗ ಗಂಡನ ಕಡೆ ನೋಡುತ್ತಿದ್ದಳು. ನಾನು ಏನೂ ಕೇಳದೆ ಒಯ್ದು ಗುರುಪಾದನಿಗೆ ಕೊಟ್ಟೆ.

"ಇರವಿಗಿ ಅಂದ್ರು, ಕೊಟ್ಟೆ," ಎಂದ ಗುರುಪಾದ. "ಎಲ್ಲಿ ಇರವಿ ಅಂತ ನಾನೂ ಕೇಳಲಿಲ್ಲ ನೋಡ್ರಿ." ಅವನು ಕೆಟ್ಟವನಲ್ಲ. ನೆರೆಮನೆಯವರು ಕೇಳಿದ್ದಕ್ಕೆ ಸಂತೋಷದಿಂದ ಕೊಟ್ಟಿದ್ದ. ನಾವು ಮೂವರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದೆವು. ಹುಳಗಳಿಗೆ ಅದರಿಂದ ಏನಾಯಿತು?

ಖಾದರಣ್ಣ ಮತ್ತೆ ಗೋಡೆಯ ಕಡೆ ತಿರುಗಿದರು. ಈ ಸಲ ಊಟ ತಂದುಕೊಟ್ಟರೂ ಬೇಡ ಎನ್ನುತ್ತಿದ್ದರು. ಹೂ ಮತ್ತೆ ಉದುರತೊಡಗಿದವು. ನಾನು ಹೋಗಿ ಕೂತರೆ ಮುನೀರಾ ಚಹಾ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇನ್ನೊಂದು ಪೆಟ್ಟಿಗೆ ತರಲೇ ಎಂದು ಏಪ್ರಿಲ್‌ನಲ್ಲಿ ಕೇಳಿದೆ, ಮಳೆಗಾಲದಲ್ಲಿ ಕೇಳಿದೆ. ಗೋಡೆಯ ಕಡೆಯಿಂದ "ಬ್ಯಾಡ" ಎಂದಷ್ಟೇ ಬಂತು.

ದೀಪಾವಳಿ ಮುಗಿದ ಮೇಲೆ ಮುನೀರಾಳೇ ಫೋನು ಮಾಡಿದಳು. "ಪೆಟಗಿ ತರ್ರಿ. ಇವರ ಕೇಳಬ್ಯಾಡ್ರಿ. ಈ ಸಲ ನಾ ನೋಡ್ಕೊಂತೀನಿ. ಬಿಳೇ ಅರಿಬಿ ಹಾಕ್ಕೊಂತೀನಿ, ಹತ್ತ ದಿನ ಅಲ್ಲ, ಇಪ್ಪತ್ತ ದಿನ ಕುಂದರತೀನಿ. ಇವರಿಗಿ ಆ ಸದ್ದಾರ ಕೇಳಲಿ."

ತಂದೆ. ಹೊಸ ಬಟ್ಟಲು, ಹೊಸ ಸ್ಟ್ಯಾಂಡು, ಅದೇ ಬೇವಿನ ಗಿಡ. ಕಾಲಿನ ಬಟ್ಟಲುಗಳಿಗೆ ಬರೀ ನೀರು. ಸ್ವಲ್ಪ ಆಚೆ, ಹುಳ ಕುಡಿಯಲು ಹರಳುಕಲ್ಲು ಹಾಕಿದ ಇನ್ನೊಂದು ಬಟ್ಟಲು. ಅವರು ಏಳಲಿಲ್ಲ, ನೋಡಲಿಲ್ಲ. ನಾನು ಆ ರಾತ್ರಿ ಅಲ್ಲೇ ಉಳಿದೆ.

ಮುಂಜಾನೆ ಮುನೀರಾ ನನ್ನ ಮೊಣಕೈ ಹಿಡಿದು ಎಳೆದಳು. ಖಾದರಣ್ಣ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ತಂಬಿಗೆ ಹಿಡಿದು ಪೆಟ್ಟಿಗೆಯ ಹತ್ತಿರ ನಿಂತಿದ್ದರು. ತಂಬಿಗೆ ಎತ್ತಿ ತಾವು ಒಂದು ಗುಟುಕು ಕುಡಿದರು. ನುಂಗಿ, ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ ಅದೇ ನೀರನ್ನು ಹುಳಗಳ ಬಟ್ಟಲಿಗೆ ಹಾಕಿದರು. ಹಾಕಿ ಹೊರಸಿಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು.

ಈಗಲೂ ದಿನಾ ಅಷ್ಟೇ ಮಾಡುತ್ತಾರೆ. ಮಣೆ ಹಾಕಿ ಕೂಡುವುದಿಲ್ಲ, ಚೌಕಟ್ಟು ಮುಟ್ಟುವುದಿಲ್ಲ. "ನನ್ನ ಕೈ ಬ್ಯಾಡ ಅವಕ್ಕ," ಎನ್ನುತ್ತಾರೆ. ಬಳ್ಳಿಯಲ್ಲಿ ಕಾಯಿ ಹಿಡಿದಿವೆ ಎಂದು ಮುನೀರಾ ಹೇಳಿದರೆ ಹೂಂ ಎನ್ನುತ್ತಾರೆ. ಇದನ್ನು ಕರಪತ್ರಕ್ಕೆ ಬರೆಯಬೇಕು, ಹೆಸರು ಬದಲಾಯಿಸುತ್ತೇನೆ ಎಂದು ನಾನು ಕೇಳಿದಾಗ ಮಾತ್ರ ಪೂರ್ತಿ ಈ ಕಡೆ ಹೊರಳಿದರು. "ಹೆಸರ ಇರಲಿ. ಖಾದರ ಗೌಂಡಿ, ಸವಡಿ ಅಂತ ಬರೀರಿ. ಓದಿದಾವ ಒಬ್ಬನಾರ 'ಯಾವ ಎಣ್ಣಿ' ಅಂತ ಎರಡನೇ ಸಲ ಕೇಳಲಿ," ಎಂದರು. ಬರೆದಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ಜೇನು ಸಾಕಲು ಹೆದರಬೇಡಿ. ಹತ್ತು ದಿನ ಪಕ್ಕದಲ್ಲಿ ಸುಮ್ಮನೆ ಕೂತರೆ ಹೆದರಿಕೆ ತಾನೇ ಇಳಿಯುತ್ತದೆ. ಕರಿ ಕಂಬಳಿ ಬೇಡ, ಬಿಳಿ ಬಟ್ಟೆ ಸಾಕು. ಪಕ್ಕದ ಹೊಲದವರಿಗೆ ನಿಮ್ಮ ಹಿತ್ತಲಲ್ಲಿ ಪೆಟ್ಟಿಗೆ ಇದೆ ಎಂದು ಮೊದಲೇ ಹೇಳಿ. ಹೂ ಇರುವ ಬೆಳೆಗೆ ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಲು ಕೇಳಿಕೊಳ್ಳಿ. ಗುರುಪಾದ ಈಗ ಹಾಗೆಯೇ ಮಾಡುತ್ತಾನೆ, ಹಿಂದಿನ ದಿನ ಬಂದು ಹೇಳಿಯೂ ಹೋಗುತ್ತಾನೆ. ಇವತ್ತು ಮನೆಗೆ ಹೋದ ಕೂಡಲೇ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಇರುವ ಆ ಸೀಸೆ ನೋಡಿ. ಅದಕ್ಕೆ ಎಣ್ಣಿ ಅನ್ನಬೇಡಿ, ಔಷಧಿ ಅನ್ನಬೇಡಿ. ವಿಷ ಅನ್ನಿ, ಮಕ್ಕಳಿಗೂ ಹಾಗೆಯೇ ಅನ್ನಲು ಕಲಿಸಿ. ಜೇನಿನ ಹತ್ತಿರ ಏನಾದರೂ ಇಡುವ ಮುಂಚೆ ಒಂದೇ ಮಾತು ಕೇಳಿಕೊಳ್ಳಿ, ಇದನ್ನು ನಾನು ಕುಡಿಯುತ್ತೇನೆಯೇ ಎಂದು. ನೀವು ಕುಡಿಯಲಾರದ್ದನ್ನು ಅವಕ್ಕೂ ಇಡಬೇಡಿ.